ಕಟ್ಟೆ ಪುರಾಣ: ಪರದೆ ಎಷ್ಟು ಅಗಲ, ಕಿಸೆ ಎಷ್ಟು ಆಳ?



ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಯಾವ ನಾಯಕಿಗೆ ಯಾರ ಮೇಲೆ ಮುನಿಸು, ಯಾವ ನಿರ್ಮಾಪಕರ ಚೆಕ್ಕು ಎಲ್ಲಿಂದ ವಾಪಸು ಬಂತು... ಅದೆಲ್ಲ ಮುಂದಿನ ವಾರಕ್ಕಿರಲಿ. ಟಪಾಲಿನಲ್ಲಿ ಬಂದ ಒಂದು ಕಾಗದ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದೆ. ಬರೆದವರು ರಬಕವಿ-ಬನಹಟ್ಟಿಯ ಓದುಗ ಮಿತ್ರರು. ವಯಸ್ಸು ಇಪ್ಪತ್ತಮೂರು. ಮನೆಯಲ್ಲಿ ಎರಡು ಪಾವರ್‌ಲೂಮು. ಹಗಲು ಅಪ್ಪ ನಿಲ್ಲುತ್ತಾರೆ, ರಾತ್ರಿ ಮಗ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಾಗದ ಇದ್ದ ಹಾಗೇ ಕೊಡುತ್ತೇನೆ, ಓದಿ:

"ಕಾಕಾ, ಎರಡ ವರ್ಷ ಕೂಡಿಸಿಟ್ಟ ರೊಕ್ಕ ಹತ್ತೊಂಬತ್ತ ಸಾವಿರ ಐತಿ. ಮುಧೋಳದಾಗ ನನ್ನ ದೋಸ್ತ ಒಬ್ಬಾಂವ ಅವನ ಐಫೋನ್ 11 ಹದಿನೇಳ ಸಾವಿರಕ್ಕ ಕೊಡ್ತೀನಿ ಅಂತಾನ. ಜಮಖಂಡಿ ಅಂಗಡಿಯಾಗ ಆಂಡ್ರಾಯ್ಡ್ ಹೊಸಾದು, 6.7 ಇಂಚಿಂದು, ಹದಿಮೂರ ಸಾವಿರಕ್ಕ ಐತಿ. ಈಗ ನನ್ನ ಕೈಯಾಗಿರೂದು 2017ರದು, 5.5 ಇಂಚು. ನನಗ ಪಿಕ್ಚರ್ ನೋಡಾಕ ದೊಡ್ಡ ಪರದೆ ಬೇಕು. ಕೈಯಾಗ ಹಿಡದ್ರ ನಾಕ ಮಂದಿ ತಿರುಗಿ ನೋಡಬೇಕು. ಯಾವುದು ತಗೋಲಿ? ಮುಂದಿನ ತಿಂಗಳ ಕನ್ಯಾ ನೋಡಾಕ ಬೀಳಗಿಗೆ ಹೋಗೂದೈತಿ. ಲಗೂನ ಉತ್ತರ ಹಾಕ್ರಿ. ತಂಗಿನೂ ಒಂದ ಫೋನ್ ಕೇಳಾಕತ್ತಾಳ, ಡಿಗ್ರಿ ಕಡೀ ವರ್ಷ. ಅಕೀದು ಆಮ್ಯಾಲೆ ನೋಡೂಣು."

ನನ್ನ ನಿದ್ದೆ ಕೆಡಿಸಿದ್ದು ಐಫೋನೂ ಅಲ್ಲ, ಆಂಡ್ರಾಯ್ಡೂ ಅಲ್ಲ. ಆ ಕೊನೆಯ ಸಾಲು! ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಬಡಪಾಯಿಯ ಸ್ವಂತ ಕಥೆ ಕೇಳಿ. ಯಾಕೆಂದರೆ ಇಂಥದೇ ಗೊಂದಲದಲ್ಲಿ ಬಿದ್ದು ನಾನು ಒಮ್ಮೆ ಮುಖ ಕೆಳಗೆ ಮಾಡಿದವನು.

1985ರ ಮಾತು. ಊರೂರಿಗೆ ವಿಡಿಯೋ ಹುಚ್ಚು. ಜಮಖಂಡಿಯಲ್ಲಿ ನಾವು ನಾಲ್ಕು ಜನ ಪಡ್ಡೆ ಹುಡುಗರು ಸೇರಿ ಒಂದು ವಿಡಿಯೋ ಡೆಕ್ ತಂದು ಗಣಪತಿ ಹಬ್ಬದಲ್ಲಿ, ಮದುವೆ ಮನೆಗಳಲ್ಲಿ ಬಾಡಿಗೆಗೆ ಬಿಡೋಣ, ಲಕ್ಷಾಧೀಶರಾಗೋಣ ಅಂತ ಲೆಕ್ಕ ಹಾಕಿದೆವು. ತಲೆಗೆ ಎರಡು ಸಾವಿರ. ನನ್ನ ಪಾಲಿನ ಎರಡು ಸಾವಿರ ಎಲ್ಲಿಂದ ಬರಬೇಕು? ಅವ್ವನ ಕೊರಳಿನ ಬೋರಮಾಳ ಸರ ಒತ್ತೆಗೆ ಹೋಯಿತು! ಬೆಳಗಾವಿಯಲ್ಲಿ ಒಬ್ಬ ಮಹಾಶಯರು ಎರಡು ಡೆಕ್ ತೋರಿಸಿದರು. ಒಂದು ಬೀಟಾಮ್ಯಾಕ್ಸ್, ಇನ್ನೊಂದು ವಿಎಚ್‌ಎಸ್. "ಚಿತ್ರ ಯಾವುದು ಚಲೋ ಕಾಣ್ತದ ನೀವ ನೋಡ್ರಿ" ಅಂದರು. ನೋಡಿದೆವು. ಬೀಟಾ ನಿಜಕ್ಕೂ ಸ್ವಚ್ಛ. ಕ್ಯಾಸೆಟ್ಟು ಚಿಕ್ಕದು, ಚೊಕ್ಕ. ಮುಟ್ಟಿದರೆ ಶ್ರೀಮಂತರ ಮನೆಯ ವಸ್ತು ಮುಟ್ಟಿದ ಹಾಗೆ. ಹೊತ್ತುಕೊಂಡು ಬಂದೆವು.

ಬಂದ ಮೇಲೆ ತಿಳಿದದ್ದು ಏನು ಗೊತ್ತೇ? ನಮ್ಮ ಸುತ್ತಿನ ಕ್ಯಾಸೆಟ್ ಬಾಡಿಗೆ ಅಂಗಡಿಗಳಲ್ಲಿ ಕಪಾಟು ತುಂಬ ವಿಎಚ್‌ಎಸ್! ಅಣ್ಣಾವ್ರ ಚಿತ್ರ ಕೇಳಿದರೆ ವಿಎಚ್‌ಎಸ್, ಅಮಿತಾಭ್ ಕೇಳಿದರೆ ವಿಎಚ್‌ಎಸ್. ಬೀಟಾದಲ್ಲಿ ಏನಿದೆ ಎಂದರೆ ಯಾರದೋ ಮದುವೆಯ ರೆಕಾರ್ಡಿಂಗು, ಎರಡು ಇಂಗ್ಲಿಷ್ ಚಿತ್ರ. ಗಣಪತಿ ಮಂಟಪದ ಮುಂದೆ ಕೂತ ಜನಕ್ಕೆ ಮೂರು ರಾತ್ರಿ ಅದೇ ಇಂಗ್ಲಿಷ್ ಚಿತ್ರ ತೋರಿಸಿದೆವು. ನಾಲ್ಕನೇ ರಾತ್ರಿ ನಾವು ಮಂಟಪದ ಕಡೆ ಮುಖ ಹಾಕಲಿಲ್ಲ. ಬೋರಮಾಳ ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಅವ್ವ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಲೋಕದಲ್ಲಿ ನಡೆದದ್ದೂ ಅದೇ. ಜಪಾನಿನ ಸೋನಿ ಕಂಪನಿ 1975ರಲ್ಲಿ ಬೀಟಾಮ್ಯಾಕ್ಸ್ ತಂದಿತು, ಮರುವರ್ಷ ಜೆವಿಸಿ ಕಂಪನಿ ವಿಎಚ್‌ಎಸ್ ತಂದಿತು. ಸೋನಿಯ ಮೊದಲ ಕ್ಯಾಸೆಟ್ಟು ಒಂದೇ ಗಂಟೆಯದು, ಎದುರಾಳಿಯದು ಎರಡು ಗಂಟೆಯದು. ಆಮೇಲೆ ಸೋನಿಯವರೂ ಉದ್ದ ಮಾಡಿದರು. ಆದರೆ ಅಷ್ಟರಲ್ಲಿ ಅಂಗಡಿಯವರು, ಬಾಡಿಗೆಯವರು, ಬೇರೆ ಡೆಕ್ ತಯಾರಕರು ಎಲ್ಲ ಆ ಕಡೆ ವಾಲಿಯಾಗಿತ್ತು. 1988ರಲ್ಲಿ ಸೋನಿಯವರೇ ವಿಎಚ್‌ಎಸ್ ಡೆಕ್ ಮಾಡಲು ಶುರುಮಾಡಿದರು! ಬೀಟಾ ಡೆಕ್ಕಿನ ತಯಾರಿಕೆ 2002ರಲ್ಲಿ ನಿಂತಿತು, ಕ್ಯಾಸೆಟ್ಟು ಮಾತ್ರ 2016ರ ಮಾರ್ಚ್‌ವರೆಗೆ ಬರುತ್ತಿತ್ತು. ನಮ್ಮ ಡೆಕ್ಕು ಈಗಲೂ ಅಟ್ಟದ ಮೇಲಿದೆ. ಹಲ್ಲಿಗಳು ಸಂಸಾರ ಹೂಡಿವೆ.

ಇದನ್ನೆಲ್ಲ ಯಾಕೆ ಹೇಳಿದೆ? ಈಗಿನ ಹುಡುಗರು ಪ್ಲಾಟ್‌ಫಾರಂ, ಪ್ಲಾಟ್‌ಫಾರಂ ಅನ್ನುತ್ತಾರಲ್ಲ, ಅದು ನಮ್ಮ ಬಸ್‌ಸ್ಟ್ಯಾಂಡಿನ ಪ್ಲಾಟ್‌ಫಾರಂ ಇದ್ದ ಹಾಗೇ. ನೀವು ಯಾವ ನಂಬರಿನ ಪ್ಲಾಟ್‌ಫಾರಂನಲ್ಲಿ ನಿಂತಿದ್ದೀರೋ ಅಲ್ಲಿಗೆ ಬರುವ ಬಸ್ಸು ಮಾತ್ರ ನಿಮ್ಮದು. ಕಟ್ಟೆ ಎಷ್ಟೇ ಚೆಂದ ಇರಲಿ, ಗ್ರಾನೈಟೇ ಹಾಕಿರಲಿ, ಅಲ್ಲಿಗೆ ಬಸ್ಸೇ ಬಾರದಿದ್ದರೆ ಕೂತು ಚುರುಮರಿ ತಿನ್ನಬಹುದು, ಅಷ್ಟೇ.

ಹಾಗೆ ಬಸ್ಸು ಬಾರದೆ ಮುಚ್ಚಿಹೋದ ಪ್ಲಾಟ್‌ಫಾರಂಗಳು ಎಷ್ಟು! ನೋಕಿಯಾ ಎಂದರೆ ನಮ್ಮ ಕಡೆ ದೇವರ ಹೆಸರು ಇದ್ದ ಹಾಗಿತ್ತು. 2003ರಲ್ಲಿ ಬಂದ 1100 ಫೋನು ಹೊಲದ ಕೆಸರಿನಲ್ಲಿ ಬಿದ್ದರೂ ಎದ್ದು ಮಾತಾಡುತ್ತಿತ್ತು. ಅದೇ ನೋಕಿಯಾ 2011ರ ಫೆಬ್ರುವರಿಯಲ್ಲಿ ತನ್ನ ಸಿಂಬಿಯನ್ ಕೈಬಿಟ್ಟು ಮೈಕ್ರೋಸಾಫ್ಟ್ ಜತೆ ವಿಂಡೋಸ್ ಫೋನಿನ ಸಂಬಂಧ ಬೆಳೆಸಿತು. ನಮ್ಮ ತಂಗಿಯ ಮಗ 2013ರಲ್ಲಿ ಲೂಮಿಯಾ 520 ತಂದ. ನಾಲ್ಕು ಇಂಚಿನ ಪರದೆ, ಬಣ್ಣದ ಚೌಕಗಳು, ಎಷ್ಟು ಮುದ್ದಾಗಿತ್ತು! ಆದರೆ ಹೊಸ ಆ್ಯಪ್ ಬಂತು ಎಂದರೆ ಎಲ್ಲರ ಫೋನಿಗೂ ಬರುತ್ತಿತ್ತು, ಅವನದಕ್ಕೆ ಬರುತ್ತಿರಲಿಲ್ಲ. ನನಗೆ ನಮ್ಮ ಬೀಟಾ ಡೆಕ್ ನೆನಪಾಯಿತು. 2019ರ ಡಿಸೆಂಬರ್ 31ಕ್ಕೆ ವಾಟ್ಸಾಪ್ ಕೂಡ ವಿಂಡೋಸ್ ಫೋನಿಗೆ ಕೈಮುಗಿಯಿತು. ಬ್ಲ್ಯಾಕ್‌ಬೆರಿಯವರು ತಮ್ಮ ಹಳೆಯ ಫೋನುಗಳ ಸೇವೆಗೆ 2022ರ ಜನವರಿ 4ರಂದು ಮಂಗಳ ಹಾಡಿದರು. 2017ರಲ್ಲಿ ಸಾವಿರದ ಐನೂರು ಠೇವಣಿಗೆ ಬಂದ 2.4 ಇಂಚಿನ ಜಿಯೋಫೋನ್ ನೆನಪಿದೆಯಲ್ಲ? ಅದರೊಳಗಿನ ಕೈಓಎಸ್‌ಗೂ 2025ರಲ್ಲಿ ವಾಟ್ಸಾಪ್ ನಿಂತಿತು. ಈಗ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವುದು ಎರಡೇ ಕಡೆ. ಒಂದು ಗೂಗಲ್‌ನವರ ಆಂಡ್ರಾಯ್ಡ್, ಇನ್ನೊಂದು ಆ್ಯಪಲ್‌ನವರ ಐಓಎಸ್. ಆದ್ದರಿಂದ ನಮ್ಮ ಮಗ್ಗದ ಮಿತ್ರರಿಗೆ ನನ್ನಂಥ ಗತಿ ಬರುವುದಿಲ್ಲ, ಎರಡಕ್ಕೂ ಬಸ್ಸು ಬರುತ್ತದೆ. ಆದರೆ ಹಳೆಯ ಕಟ್ಟೆಗೆ ಎಷ್ಟು ದಿನ ಬರುತ್ತದೆ ಎಂಬುದು ಬೇರೆ ಪ್ರಶ್ನೆ.

ಕಾಗದಕ್ಕೆ ಕಾಗದದಲ್ಲೇ ಉತ್ತರ ಬರೆದರೆ ಸುಮ್ಮನೆ ಉಪದೇಶ ಆದೀತು ಅನಿಸಿತು. "ಬರೋ ಸೋಮವಾರ ಜಮಖಂಡಿ ಬಸ್‌ಸ್ಟ್ಯಾಂಡಿಗೆ ಬಾ ತಮ್ಮಾ, ಹಳೇ ಫೋನ್ ತಗೊಂಡ ಬಾ, ಮುಧೋಳದ ದೋಸ್ತಗೂ ಬರಾಕ ಹೇಳು" ಎಂದು ತಿಳಿಸಿದೆ. ಬಂದರು ಇಬ್ಬರೂ. ಮಗ್ಗದ ಹುಡುಗನ ತಲೆಗೂದಲಿನಲ್ಲಿ ಇನ್ನೂ ಹತ್ತಿಯ ಎಳೆ! ರಾತ್ರಿ ಪಾಳಿ ಮುಗಿಸಿ ನೇರ ಬಸ್ಸು ಹತ್ತಿದ್ದನಂತೆ. ದೋಸ್ತ ಮಾತ್ರ ಸಿನಿಮಾ ಹೀರೋ. ಕಪ್ಪು ಕನ್ನಡಕ, ಕೈಯಲ್ಲಿ ಐಫೋನು. ಅಂಗಡಿಯಿಂದ 6.7 ಇಂಚಿನ ಫೋನನ್ನೂ ಒಂದು ತಾಸಿಗೆ ಎರವಲು ತಂದಿದ್ದೆ. ಅಂಗಡಿಯವರು ಹಳೆಯ ಪರಿಚಯ, ಇಲ್ಲದಿದ್ದರೆ ಯಾರು ಕೊಡುತ್ತಾರೆ?

ಚಾದಂಗಡಿಯ ಕಟ್ಟೆ ಮೇಲೆ ಮೂರೂ ಫೋನು ಅಡ್ಡಡ್ಡ ಮಲಗಿಸಿದೆವು. ಚಾದಂಗಡಿ ಯಜಮಾನರ ಮಗಳ ಕಂಪಾಸಿನಿಂದ ಒಂದು ಪಟ್ಟಿ ಬಂತು. ಸುತ್ತ ಹತ್ತು ಹನ್ನೆರಡು ಜನ. "ಏನ್ ನಡದೈತ್ರಿ, ಮೊಬೈಲ್ ಪಂಚಾಯಿತಿ?" ಅಂತ ಕಂಡಕ್ಟರ್ ಒಬ್ಬರು ಕೇಳಿದರು. ಹೌದು, ಪಂಚಾಯಿತಿಯೇ!

ಮೊದಲ ವಿಷಯ. ಅಂಗಡಿಯವರು 5.5, 6.1, 6.7 ಇಂಚು ಅನ್ನುತ್ತಾರಲ್ಲ, ಅದು ಅಗಲವೂ ಅಲ್ಲ, ಎತ್ತರವೂ ಅಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದ ಗೆರೆ. ಶಾಲೆಯಲ್ಲಿ ಕರ್ಣ ಅಂತ ಓದಿದ್ದೀರಿ. ಮುಧೋಳದ ರನ್ನಕವಿಯ ದುರ್ಯೋಧನ ರಣರಂಗದಲ್ಲಿ ನೆನೆದು ಅತ್ತ ಕರ್ಣ ದಾನಶೂರ. ಈ ಅಂಗಡಿಯ ಕರ್ಣ ಹಾಗಲ್ಲ ಸ್ವಾಮಿ, ಕೊಡುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು!

ಹೇಗೆ ಅಂತೀರಾ? 2017ರ ಹಳೆಯ ಫೋನು ಹದಿನಾರಕ್ಕೆ ಒಂಬತ್ತು ಪ್ರಮಾಣದ್ದು, ನಮ್ಮ ಮನೆಯ ಟಿವಿಯ ಹಾಗೆ. ಪಟ್ಟಿ ಇಟ್ಟು ಅಳೆದೆವು. ಉದ್ದ ಸುಮಾರು 12.2 ಸೆಂಟಿಮೀಟರು, ಎತ್ತರ ಸುಮಾರು 6.8. ಹೊಸ 6.7 ಇಂಚಿನದು ಇಪ್ಪತ್ತಕ್ಕೆ ಒಂಬತ್ತು. ಉದ್ದ 15.5, ಎತ್ತರ 7! ಅಂದರೆ ಉದ್ದ ಬೆಳೆದಿದೆ ಹೊರತು ಎತ್ತರ ಎರಡು ಮಿಲಿಮೀಟರೂ ಬೆಳೆದಿಲ್ಲ. ಕಾರಣ ಸರಳ. ಮನುಷ್ಯನ ಅಂಗೈ ಅಗಲವಾಗುವುದಿಲ್ಲ. ಅಗಲ ಮಾಡಿದರೆ ಒಂದು ಕೈಯಲ್ಲಿ ಹಿಡಿಯಲಾಗದು ಎಂದು 2017ರ ಸುಮಾರಿಗೆ ಕಂಪನಿಗಳೆಲ್ಲ ಫೋನನ್ನು ಪಡವಲಕಾಯಿಯ ಹಾಗೆ ಉದ್ದ ಎಳೆಯಲು ಶುರುಮಾಡಿದವು. ಇನ್ನು ದೋಸ್ತನ ಐಫೋನ್ 11, 6.1 ಇಂಚು. ಉದ್ದ 14, ಎತ್ತರ 6.5. ಹಳೆಯ ಫೋನಿಗಿಂತ ಎತ್ತರದಲ್ಲಿ ಕಡಿಮೆ!

ದೋಸ್ತನ ಕಪ್ಪು ಕನ್ನಡಕ ಹಣೆಗೆ ಏರಿತು. "ಅಲ್ಲರಿ ಕಾಕಾ, 6.1 ದೊಡ್ಡದೋ 5.5 ದೊಡ್ಡದೋ?"

"ಪಿಕ್ಚರ್ ಹಾಕು, ಗೊತ್ತಾಗ್ತದ" ಅಂದೆ.

ಮೊದಲು ಯೂಟ್ಯೂಬಿನಲ್ಲಿ ನಮ್ಮ ಉತ್ತರ ಕರ್ನಾಟಕದ ಒಂದು ಕಾಮಿಡಿ ಹಾಕಿದೆವು. ಇವು, ಕ್ರಿಕೆಟ್ಟು, ಧಾರಾವಾಹಿ ಸಾಮಾನ್ಯವಾಗಿ ಬರುವುದು ಟಿವಿಯ ಪ್ರಮಾಣದಲ್ಲಿ, ಹದಿನಾರಕ್ಕೆ ಒಂಬತ್ತು. ಹಳೆಯ 5.5ರಲ್ಲಿ ಪರದೆ ತುಂಬ ಚಿತ್ರ. ಹೊಸ 6.7ರಲ್ಲಿ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ, ನಡುವೆ ಹೆಚ್ಚೂಕಡಿಮೆ ಅಷ್ಟೇ ಚಿತ್ರ. ಐಫೋನಿನಲ್ಲಿ ಇನ್ನೂ ಚಿಕ್ಕದು! ಗುಂಪಿನಲ್ಲಿ ಯಾರೋ ಶಿಳ್ಳೆ ಹೊಡೆದರು.

ಎರಡನೇ ಸುತ್ತು, ಅಣ್ಣಾವ್ರ ಕಪ್ಪು-ಬಿಳುಪು ಚಿತ್ರ. 1954ರ ಬೇಡರ ಕಣ್ಣಪ್ಪ, 1965ರ ಸತ್ಯ ಹರಿಶ್ಚಂದ್ರ, ಆ ಕಾಲದ ಚಿತ್ರಗಳೆಲ್ಲ ಹೆಚ್ಚು ಕಡಿಮೆ ಚೌಕ. ಎತ್ತರ ಒಂದಾದರೆ ಅಗಲ ಸುಮಾರು ಒಂದೂಕಾಲಿಗಿಂತ ತುಸು ಹೆಚ್ಚು. ಇಲ್ಲಿ ಉದ್ದ ಎಷ್ಟಿದ್ದರೇನು, ಎತ್ತರವೇ ಲೆಕ್ಕ. ಹಳೆಯ ಫೋನಿನಲ್ಲಿ ಚಿತ್ರದ ಅಗಲ 9.4 ಸೆಂಟಿಮೀಟರು, ಹೊಸದರಲ್ಲಿ 9.6. ಹದಿಮೂರು ಸಾವಿರ ಕೊಟ್ಟು ಎರಡು ಮಿಲಿಮೀಟರು ಕೊಂಡ ಹಾಗೆ! ಕೆಲವು ಜಾಣರು ಎರಡು ಬೆರಳಿಟ್ಟು ಹಿಗ್ಗಿಸಿ ಪರದೆ ತುಂಬಿಸುತ್ತಾರೆ. ಹಾಗೆ ಮಾಡಿದರೆ ಮೇಲೆ ಅಣ್ಣಾವ್ರ ಕಿರೀಟ ಹೋಗುತ್ತದೆ, ಕೆಳಗೆ ಪಾದ ಹೋಗುತ್ತದೆ. ಛಾಯಾಗ್ರಾಹಕರು ತಲೆ ಕೆಡಿಸಿಕೊಂಡು ಇಟ್ಟ ಚೌಕಟ್ಟನ್ನು ನೀವು ಬೆರಳಲ್ಲಿ ಕತ್ತರಿಸಿದಂತೆ. ದಯವಿಟ್ಟು ಮಾಡಬೇಡಿ.

ಮೂರನೇ ಸುತ್ತಿಗೆ ಮಾತ್ರ ಹೊಸ ಫೋನು ಗೆದ್ದಿತು. ಸಿನಿಮಾಸ್ಕೋಪು! ಅಮೆರಿಕದಲ್ಲಿ ಮನೆಮನೆಗೆ ಟಿವಿ ಬಂದು ಥಿಯೇಟರು ಖಾಲಿಯಾಗತೊಡಗಿದಾಗ, ಪೆಟ್ಟಿಗೆಯಲ್ಲಿ ಹಿಡಿಸದಷ್ಟು ಅಗಲದ ಚಿತ್ರ ತೋರಿಸಿ ಜನರನ್ನು ಎಳೆಯಬೇಕೆಂದು 1953ರಲ್ಲಿ ದಿ ರೋಬ್ ಎಂಬ ಚಿತ್ರದೊಂದಿಗೆ ಬಂದ ವಿದ್ಯೆ ಅದು. ನಮ್ಮ ದೇಶಕ್ಕೆ 1959ರಲ್ಲಿ ಗುರುದತ್ತರ ಕಾಗಜ್ ಕೆ ಫೂಲ್ ತಂದಿತು. ಕನ್ನಡಕ್ಕೆ 1977ರಲ್ಲಿ, ವಿಷ್ಣುವರ್ಧನ್-ಮಂಜುಳಾ ಜೋಡಿಯ ಸೊಸೆ ತಂದ ಸೌಭಾಗ್ಯ. ನಾನು ನೋಡಿದ ಟಾಕೀಸಿನಲ್ಲಿ ಪರದೆ ಆ ಅಗಲಕ್ಕೆ ಸಾಲದೆ ಪಕ್ಕದ ಗೋಡೆಗೆ ಸುಣ್ಣ ಬಳಿದು ತೋರಿಸಿದ್ದರು! ಇಂದಿನ ದೊಡ್ಡ ಚಿತ್ರಗಳಲ್ಲಿ ಬಹಳಷ್ಟು ಈ ಅಗಲದಲ್ಲೇ ಬರುತ್ತವೆ. ಅಂಥ ಚಿತ್ರ ಹಾಕಿದಾಗ ಹಳೆಯ ಫೋನಿನಲ್ಲಿ 12.2ಕ್ಕೆ 5.1 ಸೆಂಟಿಮೀಟರು, ಮೇಲೆ ಕೆಳಗೆ ಕಪ್ಪು. 6.7ರಲ್ಲಿ 15.5ಕ್ಕೆ 6.5, ಹೆಚ್ಚೂಕಡಿಮೆ ಪರದೆ ಭರ್ತಿ. ಗುಣಿಸಿ ನೋಡಿದರೆ ಒಂದಕ್ಕೆ ಒಂದೂವರೆಗಿಂತ ಹೆಚ್ಚು. ಟಿವಿಯನ್ನು ಸೋಲಿಸಲು ಸಿನಿಮಾ ಅಗಲವಾಯಿತು, ಅಂಗೈಯಲ್ಲಿ ಹಿಡಿಸಲು ಫೋನು ಉದ್ದವಾಯಿತು, ಎಪ್ಪತ್ತು ವರ್ಷದ ನಂತರ ಇಬ್ಬರೂ ಒಂದೇ ಅಳತೆಗೆ ಬಂದು ನಿಂತಿದ್ದಾರೆ. ವಿಧಿಯಾಟ ಅನ್ನಬೇಕೋ ಏನೋ!

"ನೀ ಯಾವ ಪಿಕ್ಚರ್ ಜಾಸ್ತಿ ನೋಡ್ತಿ ತಮ್ಮಾ?" ಅಂತ ಮಗ್ಗದ ಹುಡುಗನಿಗೆ ಕೇಳಿದೆ.

ನಾಚಿಕೊಂಡ. "ಹೊಸಾವೆಲ್ಲ ಥೇಟರಕ್ಕ ಹೋಗಿ ನೋಡ್ತೀನ್ರಿ ಕಾಕಾ. ರಾತ್ರಿ ಮಗ್ಗದ ಮುಂದ ಅಣ್ಣಾವ್ರ ಹಳೇವು ಹಚ್ಚಿಡ್ತೀನಿ. ಸಪ್ಪಳದಾಗ ಮಾತು ಕೇಳಂಗಿಲ್ಲ. ಆದ್ರ ಎಲ್ಲಾ ಡೈಲಾಗ್ ಬಾಯಾಗ ಅದಾವ."

ಎಂಥ ಪ್ರೇಕ್ಷಕ ಪ್ರಭು! ಲಾಳಿಯ ಖಟಖಟದಲ್ಲಿ ಮೂಕಿ ಚಿತ್ರ ನೋಡುವವನು! 1934ರಲ್ಲಿ ಸತಿ ಸುಲೋಚನ ಬಂದು ಕನ್ನಡ ಚಿತ್ರ ಮಾತಾಡಿತು ಎನ್ನುತ್ತೇವೆ, ಬನಹಟ್ಟಿಯ ರಾತ್ರಿ ಪಾಳಿಯಲ್ಲಿ ಅದು ಇನ್ನೂ ಮೌನವಾಗಿಯೇ ಓಡುತ್ತಿದೆ ನೋಡಿ. ಎಳೆ ಹರಿದಾಗ ಬಾಗಬೇಕು, ಕಂಡಿಕೆ ಬದಲಿಸಬೇಕು. ಆಗ ದೊಡ್ಡ ಫೋನು ಅಂಗಿ ಕಿಸೆಯಿಂದ ಜಾರಿ ಮಗ್ಗದೊಳಗೆ ಬಿದ್ದರೆ? "ಬಿದ್ದಿತ್ರಿ ಒಮ್ಮೆ, ಇದ ಫೋನ" ಅಂತ ಪರದೆಯ ಮೂಲೆಯ ಬಿರುಕು ತೋರಿಸಿದ. ಇದು 5.5. ಇನ್ನು 6.7, ತೂಕ ಇನ್ನೂರು ಗ್ರಾಂ ಸುಮಾರು, ಅಂಗಿ ಕಿಸೆಯಿಂದ ಅರ್ಧ ಹೊರಗೇ ಇಣುಕುತ್ತದೆ.

ಇನ್ನು ಪ್ಲಾಟ್‌ಫಾರಂ ವಿಚಾರ. ದೋಸ್ತನ ಮುಂದೆಯೇ ಹೇಳಿದೆ, ಮುಚ್ಚುಮರೆ ಯಾಕೆ? ಐಫೋನು ಕೆಟ್ಟದ್ದಲ್ಲ, ಖಂಡಿತ ಅಲ್ಲ. ಅಮೆರಿಕದ ಶಾನ್ ಬೇಕರ್ ಎಂಬ ನಿರ್ದೇಶಕ 2015ರಲ್ಲಿ ಟ್ಯಾಂಜರೀನ್ ಎಂಬ ಇಡೀ ಚಿತ್ರವನ್ನು ಐಫೋನ್ 5ಎಸ್‌ನಲ್ಲಿ ತೆಗೆದರು. ಪರದೆ ಬರೀ ನಾಲ್ಕು ಇಂಚು! ಅದಕ್ಕೊಂದು ಪುಟಾಣಿ ಸ್ಕೋಪ್ ಲೆನ್ಸು ಸಿಕ್ಕಿಸಿ ತೆಗೆದದ್ದು. ಅದೇ ಬೇಕರ್ 2025ರಲ್ಲಿ ಅನೋರಾ ಚಿತ್ರಕ್ಕೆ ಒಬ್ಬರೇ ನಾಲ್ಕು ಆಸ್ಕರ್ ಹೊತ್ತುಕೊಂಡು ಹೋದರು. ನಮ್ಮ ಕಡೆಯ ಹುಡುಗರಲ್ಲಿ ಕಿರುಚಿತ್ರ ತೆಗೆಯುವವರು, ರೀಲ್ಸ್ ಮಾಡಿ ನಾಲ್ಕು ಕಾಸು ಕಾಣುವವರು ಇದ್ದರೆ ಐಫೋನಿನ ವಿಡಿಯೋ ನಂಬಬಹುದು. ಆದರೆ ನಮ್ಮ ಮಿತ್ರ ತೆಗೆಯುವವನಲ್ಲ, ನೋಡುವವನು.

ಐಫೋನ್ 11 ಬಂದದ್ದು 2019ರಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಐಓಎಸ್ 26 ಎಕ್ಸ್‌ಎಸ್, ಎಕ್ಸ್‌ಆರ್‌ಗಳನ್ನು ಕೈಬಿಟ್ಟಿತು. 11 ಈ ಸಲ ಸಾಲಿನ ತುದಿಯಲ್ಲಿ ನಿಂತಿದೆ. ಮುಂದಿನ ಬಸ್ಸಿಗೆ ಹತ್ತಿಸಿಕೊಳ್ಳುತ್ತಾರೋ ಇಲ್ಲವೋ, ಕಂಡಕ್ಟರಿನ ಮರ್ಜಿ. ಹತ್ತಿಸಿಕೊಳ್ಳದಿದ್ದರೂ ಕೂಡಲೇ ಸಾಯುವುದಿಲ್ಲ, ಕೆಲವು ವರ್ಷ ಓಡುತ್ತದೆ. ಆಮೇಲೆ ಒಂದು ದಿನ ಐಫೋನ್ 6ರ ಗತಿ. ಅದಕ್ಕೆ 2025ರ ಮೇ ತಿಂಗಳಲ್ಲಿ ವಾಟ್ಸಾಪ್ ನಿಂತಿತು. ಚಾರ್ಜರ್ ಕಥೆ ಇನ್ನೊಂದು. 2023ರ ಐಫೋನ್ 15ರಿಂದ ಟೈಪ್-ಸಿ ಬಂತು, 11ಕ್ಕೆ ಅದರದೇ ಬೇರೆ ಪಿನ್ನು. ಬೀಳಗಿಯಲ್ಲಿ ಬೀಗರ ಮನೆಯಲ್ಲಿ ಕೂತು "ಐಫೋನ್ ಚಾರ್ಜರ್ ಐತೇನ್ರಿ?" ಅಂತ ಕೇಳುವುದು ಗೌರವವೇ? ಮೆಮೊರಿ ಕಾರ್ಡ್ ಹಾಕಲು ಜಾಗವಿಲ್ಲ. ಡಿಸ್‌ಪ್ಲೇ ಒಡೆದರೆ ನಮ್ಮ ಬಜಾರಿನ ರಿಪೇರಿ ಹುಡುಗರು ಹಾಕಿಕೊಡುತ್ತಾರೆ, ಆದರೆ ಅಸಲಿ ಪರದೆಯೋ ನಕಲಿಯೋ ದೇವರೇ ಬಲ್ಲ.

ಆಂಡ್ರಾಯ್ಡ್‌ಗೂ ನಾನು ಆರತಿ ಎತ್ತುವುದಿಲ್ಲ. ಅದು ಬಾಗಿಲು ತೆರೆದಿಟ್ಟ ಛತ್ರ. ಯಾರು ಯಾವ ಫೈಲು ಕಳಿಸಿದರೂ ಒಳಗೆ ಬಿಟ್ಟುಕೊಳ್ಳಬಹುದು. 2024ರಿಂದ ಮದುವೆ ಆಮಂತ್ರಣ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಫೈಲು ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವ ಕಳ್ಳರ ಬಗ್ಗೆ ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ಹೊಸ ಚಿತ್ರ ಪುಕ್ಕಟೆ ಸಿಗುತ್ತದೆ ಎಂದು ಕಂಡ ಕಂಡ ಎಪಿಕೆ ಒತ್ತುವ ಅಭಿಮಾನಿಗಳೇ, ನಿರ್ಮಾಪಕನ ಕಿಸೆಗೆ ಕೈ ಹಾಕಲು ಹೋಗಿ ನಿಮ್ಮ ಕಿಸೆ ಕಳಕೊಳ್ಳಬೇಡಿ! ಅಗ್ಗದ ಆಂಡ್ರಾಯ್ಡ್ ಫೋನುಗಳಿಗೆ ಸುರಕ್ಷತೆಯ ಅಪ್‌ಡೇಟ್ ಎಷ್ಟು ವರ್ಷ ಎಂಬುದನ್ನು ಅಂಗಡಿಯಲ್ಲಿ ಕೇಳಿಯೇ ಕೊಳ್ಳಬೇಕು. ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ ತನ್ನ ಎಸ್24ಕ್ಕೆ ಏಳೇಳು ವರ್ಷ ಎಂದವು, ಆದರೆ ಅವೆಲ್ಲ ಸಾವುಕಾರರ ಫೋನು. ಹದಿಮೂರು ಸಾವಿರದ್ದಕ್ಕೆ ಅಷ್ಟು ಭಾಗ್ಯ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಒಳ್ಳೆಯ ಮಾತೂ ಹೇಳಬೇಕು. 2014ರಲ್ಲಿ ಬಂದ ಆಂಡ್ರಾಯ್ಡ್ 5ರಿಂದ ಫೋನಿನ ಮೆನುವೆಲ್ಲ ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಅದಕ್ಕೂ ಮುಂಚಿನ ಕಾಲದಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು ಕಾಣುತ್ತಿದ್ದವಲ್ಲ, ಆ ಕಷ್ಟ ಉಂಡವರಿಗೆ ಗೊತ್ತು ಇದರ ರುಚಿ. ಒತ್ತಕ್ಷರ ಬೇರೆ ನಮ್ಮದು. ಚಾಳೀಸು ಬಂದ ಅಪ್ಪನ ಕಣ್ಣಿಗೆ ಕನ್ನಡ ಓದಲು ಉದ್ದದ ಪರದೆ ನಿಜಕ್ಕೂ ಉಪಕಾರಿ. ಅಕ್ಷರ ದೊಡ್ಡದು ಮಾಡಿದರೂ ನಾಲ್ಕು ಸಾಲು ಹೆಚ್ಚಿಗೆ ಹಿಡಿಸುತ್ತವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವ ಮಿತ್ರರೆಲ್ಲ ಒಂದು ಕೆಲಸ ಮಾಡಿ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಐಎಂಇಐ ನಂಬರು ಬರುತ್ತದೆ. ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಆ ನಂಬರು ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಕಳುವಿನ ಫೋನೆಂದು ಸರ್ಕಾರದ ಪಟ್ಟಿಯಲ್ಲಿದ್ದರೆ ತಿಳಿಯುತ್ತದೆ. ಐಫೋನಾದರೆ ಹಳೆಯ ಮಾಲೀಕ ತನ್ನ ಆ್ಯಪಲ್ ಖಾತೆಯನ್ನು ನಿಮ್ಮ ಕಣ್ಣೆದುರೇ ತೆಗೆಯಬೇಕು, ಇಲ್ಲವಾದರೆ ಅದು ಇಟ್ಟಿಗೆ. ಬ್ಯಾಟರಿ ಹೆಲ್ತ್ ಎಂಬುದನ್ನೂ ತೆಗೆದು ನೋಡಿ. ನಮ್ಮ ದೋಸ್ತನದು ತೆಗೆದು ನೋಡಿದೆವು. 74! ಎಂಬತ್ತಕ್ಕಿಂತ ಕೆಳಗೆ ಬಂದರೆ ಬ್ಯಾಟರಿ ಬದಲಿಸುವ ಕಾಲ ಬಂತೆಂದೇ ಲೆಕ್ಕ. ಅಂವ ಕನ್ನಡಕ ಮತ್ತೆ ಇಳಿಸಿಕೊಂಡ. "ಎರಡ ಸಾವಿರ ಕಮ್ಮಿ ಮಾಡ್ತೀನಿ ಬಿಡ್ರಿ" ಅಂದ. ಪಾಪ, ಒಳ್ಳೆಯ ಹುಡುಗ. ಅಂವ ಮೋಸ ಮಾಡಲು ಬಂದವನಲ್ಲ, ಅವನಿಗೂ ಇನ್ನೊಂದು ಹೊಸ ಐಫೋನಿನ ಕಂತು ಕಟ್ಟಬೇಕಿತ್ತು. ತಿಂಗಳ ಕಂತು, ಪ್ರೊಸೆಸಿಂಗ್ ಫೀ, ತಡವಾದರೆ ದಂಡ... ಸೊನ್ನೆ ಬಡ್ಡಿ ಎನ್ನುವ ಬೋರ್ಡಿನ ಕೆಳಗಿನ ಸಣ್ಣ ಅಕ್ಷರ ಓದಿಕೊಳ್ಳಲು ಯಾವ ಸೈಜಿನ ಪರದೆ ಬೇಕೋ!

ಗುಂಪು ಕರಗಿತು. ಎರಡನೇ ಚಾ ಬಂತು. ಆಗ ಕೇಳಿದೆ, "ತಂಗಿ ಫೋನ್ ಯಾಕ ಕೇಳ್ತಾಳ?"

ಹೇಳಿದ. ತಂಗಿ ದಿನಾ ಬನಹಟ್ಟಿಯಿಂದ ಜಮಖಂಡಿಗೆ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಾಳೆ. ನೋಟ್ಸು, ಪರೀಕ್ಷೆ ಫಾರ್ಮು, ಸ್ಕಾಲರ್‌ಶಿಪ್ಪಿನ ಅರ್ಜಿ ಎಲ್ಲ ಬರುವುದು ಅಣ್ಣನ ಫೋನಿಗೆ. ಅಣ್ಣ ರಾತ್ರಿ ಮಗ್ಗದ ಮುಂದೆ, ಹಗಲು ನಿದ್ದೆಯಲ್ಲಿ, ಫೋನು ದಿಂಬಿನ ಕೆಳಗೆ. ಹೋದ ವರ್ಷ ಸ್ಕಾಲರ್‌ಶಿಪ್ಪಿನ ಓಟಿಪಿ ಬಂದಾಗ ಇಂವ ನಿದ್ದೆಯಲ್ಲಿದ್ದ. ಕೊನೆಯ ದಿನ ಅದು. ಅರ್ಜಿ ಹೋಗಲಿಲ್ಲ. ಎಷ್ಟು ರೊಕ್ಕ ಎಂದು ಕೇಳಿದರೆ ನೆಲ ನೋಡಿದ. ಫೋನಿನ ಬಿರುಕನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತ. "ಅಕೀ ಒಂದ್ ಮಾತೂ ಅನ್ನಲಿಲ್ಲರಿ ಕಾಕಾ" ಅಂದ.

ನಾನು ಬೋರಮಾಳ ಸರದ ಕಥೆ ಹೇಳಿದ್ದು ಆಗ. ಹೇಳಬೇಕೆಂದು ಮನೆಯಿಂದ ಹೊರಟಿರಲಿಲ್ಲ.

ಬಸ್ಸಿನ ಹೊತ್ತಾಯಿತು, ಇಬ್ಬರೂ ಹೊರಟರು. ಹೋಗುವ ಮುಂಚೆ ಬೀಳಗಿಯ ವಿಷಯ ನೆನಪಿಸಿದೆ. "ಆ ಊರಾಗ ಹುಟ್ಟಿದಾಕಿ ಅಮೀರಬಾಯಿ ಕರ್ನಾಟಕಿ, ಗೊತ್ತೇನು?" ಗೊತ್ತಿರಲಿಲ್ಲ. ನಿಮಗೂ ಗೊತ್ತಿರದಿದ್ದರೆ ತಿಳಿದುಕೊಳ್ಳಿ ಮಿತ್ರರೇ. ಬೀಳಗಿಯ ಆ ಹೆಣ್ಣುಮಗಳು ಮುಂಬೈಗೆ ಹೋಗಿ ಹಿಂದಿ ಚಿತ್ರಗಳಲ್ಲಿ ಹಾಡಿ, ನಟಿಸಿ ಹೆಸರು ಮಾಡಿದಳು. 1943ರ ಕಿಸ್ಮತ್ ಚಿತ್ರ ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತಲ್ಲ, ಅದರ ಹಾಡುಗಳಲ್ಲಿ ಆಕೆಯ ಕಂಠವಿತ್ತು. ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಜತೆ ಬಾಳಿದಳು. ನಮ್ಮ ರಹಮತ್ ತರೀಕೆರೆಯವರು ಅಮೀರಬಾಯಿಯ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಆಕೆಯ ಕಾಲದಲ್ಲಿ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ, ಅಷ್ಟರಲ್ಲೇ ಹಾಡು ಮುಗಿಸಬೇಕು. "ಆ ಹಾಡು ಕೇಳಾಕ ಪರದೆ ಬೇಕಾಗಿಲ್ಲ, ಒಂದು ಚಲೋ ಇಯರ್‌ಫೋನ್ ಸಾಕು. ಹುಡುಗಿ ಮನ್ಯಾಗ ಮಾತು ಬಂದ್ರ ಈ ಹೆಸರು ಹೇಳು" ಅಂದೆ. ನಕ್ಕ.

ಹದಿನೈದು ದಿನ ಸುದ್ದಿ ಇಲ್ಲ. ಹೋದ ಭಾನುವಾರ ಫೋನ್ ಬಂತು, ಬೇರೆ ನಂಬರಿನಿಂದ. "ಕಾಕಾ, ಇದು ತಂಗಿ ನಂಬರ್ರಿ. 6.7 ಅಕೀಗೆ ಕೊಡಿಸೀನಿ. ಸ್ಕಾಲರ್‌ಶಿಪ್ ಅರ್ಜಿ ಈ ಸಲ ಆಕೀನ ಹಾಕ್ಯಾಳ." ಬ್ಯಾಂಕಿನ ಆ್ಯಪ್, ಫೋನ್‌ಪೇ ಎಲ್ಲ ಹಳೆಯ ಫೋನಿನಿಂದ ತೆಗೆದು ಹೊಸದರಲ್ಲಿ ಹಾಕಿದ್ದಾರಂತೆ. ಅದು ನಾನೇ ಹೇಳಿದ್ದು. 2017ರ ಫೋನಿಗೆ ಸುರಕ್ಷತೆಯ ಅಪ್‌ಡೇಟ್ ಬಾರದೆ ಎಷ್ಟೋ ವರ್ಷವಾಗಿರುತ್ತದೆ, ಅದರಲ್ಲಿ ದುಡ್ಡಿನ ವ್ಯವಹಾರ ಬೇಡ ಎಂದು. ಹಳೆಯ 5.5 ಮಗ್ಗದ ಮುಂದೆ ಮೊಳೆಗೆ ನೇತುಹಾಕಿದೆ. ಅಣ್ಣಾವ್ರ ಚಿತ್ರ, ಮೂಕಿ. ಉಳಿದ ಆರು ಸಾವಿರದಲ್ಲಿ ಕನ್ಯಾ ನೋಡಲು ಒಂದು ಅಂಗಿ, ಬಾಕಿ ಅವ್ವನ ಕೈಗೆ.

"ಬೀಳಗಿಯೊಳಗ ಏನಾತು?" ಅಂದೆ.

ಕಿಸೆಯಿಂದ ಫೋನು ತೆಗೆಯುವ ಪ್ರಸಂಗವೇ ಬರಲಿಲ್ಲವಂತೆ. ಹುಡುಗಿಯ ಅಪ್ಪ ಕೇಳಿದ್ದು ಎರಡೇ ಮಾತು. ಮಗ್ಗ ಎಷ್ಟು? ಸ್ವಂತದ್ದೋ ಕೂಲಿಯದೋ? ಹುಡುಗಿ ಮಾತ್ರ ಅವಲಕ್ಕಿ ತಟ್ಟೆ ಇಟ್ಟು ಹೋಗುವಾಗ, ಯಾವ ಪಿಕ್ಚರ್ ನೋಡ್ತೀರಿ ಎಂದು ಮೆಲ್ಲಗೆ ಕೇಳಿದಳಂತೆ. ಇಂವ ಗಾಬರಿಯಲ್ಲಿ ಅಮೀರಬಾಯಿ ಅಂದುಬಿಟ್ಟನಂತೆ! ಅದು ಪಿಕ್ಚರ್ ಹೆಸರಲ್ಲವಲ್ಲ ಎಂದು ಆಕೆ ಬಾಗಿಲಲ್ಲಿ ನಿಂತು ನಕ್ಕಳಂತೆ.

ಆ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ. ಬಂದ ಕೂಡಲೇ ಇದೇ ಪುಟದಲ್ಲಿ ತಿಳಿಸುತ್ತೇನೆ. ಮುಂದಿನ ವಾರ ವಾಪಸು ಬಂದ ಆ ಚೆಕ್ಕಿನ ಕಥೆ, ತಪ್ಪದೆ.